ಬಸ್ಸು ಹತ್ತದ ಹೆಂಗಸು ಮತ್ತು ನಮ್ಮ ಬೀದಿಯ ಪ್ರವಾಸಿ ಸಂಘ

ನಮ್ಮ ಬೀದಿಯ ಪ್ರವಾಸಿ ಸಂಘ ಹುಟ್ಟಿದ್ದು ಗಂಡ ಹೆಂಡಿರ ಜಗಳದಿಂದ. ಅವರು ನಮ್ಮ ಬೀದಿಯವರೂ ಅಲ್ಲ.

ಬೀದಿಯ ತುದಿಯಲ್ಲಿ ಒಂದು ಹಳೆಯ ಕೋಟೆಯಿದೆ. ಪ್ರವಾಸಿಗಳು ಬಸ್ಸಿನಲ್ಲಿ ಬಂದು, ಫೋಟೊ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ನಮ್ಮ ಪಾಲಿಗೆ ಉಳಿಯುತ್ತಿದ್ದುದು ಧೂಳು ಮತ್ತು ಖಾಲಿ ಬಾಟಲಿ. ಒಂದು ಮಧ್ಯಾಹ್ನ ನಡುವಯಸ್ಸಿನ ಹೆಂಗಸೊಬ್ಬಳು, "ನೀವು ಹೋಗಿ, ನಾನು ಬರಲ್ಲ" ಎಂದು ಗಂಡನಿಗೆ ಹೇಳಿ ನನ್ನ ಚಿಕ್ಕಮ್ಮನ ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗಂಡನೂ ಹಟಮಾರಿ. ಹೋಗಿಯೇಬಿಟ್ಟ.

ಚಿಕ್ಕಮ್ಮ ಮಿಷನ್ನಿನಿಂದ ತಲೆಯೆತ್ತದೆ, "ಅಲ್ಲಿ ಬಿಸಿಲು. ಒಳಗೆ ಬಂದು ಕೋಪ ಮಾಡ್ಕೊಳ್ಳಿ" ಎಂದಳು.

ಗಂಡನ ಹಟ ಇಳಿದು ಅವನು ವಾಪಸು ಬರುವವರೆಗೆ ಆ ಹೆಂಗಸು ಚಿಕ್ಕಮ್ಮನ ಅತ್ತೆಯ, ಅಂದರೆ ನಮ್ಮ ಅಜ್ಜಿಯ ಕೋಣೆಯಲ್ಲಿದ್ದಳು. ಅಜ್ಜಿಗೆ ತನ್ನ ಮಾತು ಕೇಳುವ ಕಿವಿ ಸಿಕ್ಕಿ ಎಷ್ಟೋ ಕಾಲವಾಗಿತ್ತು. ಕೋಟೆಯ ಕಥೆ ಹೇಳಿದಳು; ಅದು ಮುಗಿದ ಮೇಲೆ ಸೊಸೆಯ ಕಥೆ ಹೇಳಿದಳು.

ದಂಪತಿಗಳು ಊರಿಗೆ ಹೋಗಿ ನೆಂಟರಿಷ್ಟರಿಗೆಲ್ಲ ಸುದ್ದಿ ಮುಟ್ಟಿಸಿದರು. ಜನ ಚೀಲ ಹೊತ್ತು ಉಳಿದುಕೊಳ್ಳಲು ಬರತೊಡಗಿದರು. ಎಲ್ಲರೂ ಚಿಕ್ಕಮ್ಮನ ಮನೆಗೇ.

"ಪ್ರವಾಸಿಗಳೇನು ಇವಳಪ್ಪನ ಆಸ್ತಿಯಾ?" ಎಂದಳು ಎದುರುಮನೆಯ ಬೇಕರಿಯವಳು.

"ಕರ್ಕೊಂಡು ಹೋಗಮ್ಮ, ನಿನಗೆ ಪುಣ್ಯ ಬರ್ಲಿ. ಹಾಸಿಗೆ ಒಗೆದು ಒಗೆದು ನನ್ನ ಸೊಂಟ ಬಿದ್ದೋಗಿದೆ" ಎಂದಳು ಚಿಕ್ಕಮ್ಮ.

ಚಿಕ್ಕಪ್ಪನ ಸೈಕಲ್ ಅಂಗಡಿಯಲ್ಲಿ ಸಭೆ ಸೇರಿತು. ಕುರ್ಚಿ ಸಿಗದವರು ಟೈರುಗಳ ಮೇಲೆ ಕೂತರು. ಅತಿಥಿಗಳನ್ನು ಮನೆಮನೆಗೆ ಸರದಿಯಂತೆ ಕಳಿಸುವುದು, ಕೋಟೆ ತೋರಿಸುವುದು, ಕಸ ಎತ್ತುವುದು ಸಂಘದ ಕೆಲಸವೆಂದಾಯಿತು. ಚಿಕ್ಕಪ್ಪ ಎಲ್ಲರಿಗೂ ಚಹಾ ತರಲು ಹೋಗಿದ್ದ. ಬಂದು ನೋಡಿದರೆ ಅಧ್ಯಕ್ಷನಾಗಿದ್ದ.

ಮೊದಲ ಸರದಿ ಬೇಕರಿಯವಳದು. ಅವಳು ಗೋಡೆಗೆ ಬಣ್ಣ ಹೊಡೆಸಿದಳು, ಹೊಸ ಹೊದಿಕೆ ಹಾಸಿದಳು. ಬಂದವರು ಕೈಕಾಲು ತೊಳೆದು ಕೇಳಿದ ಮೊದಲ ಮಾತು: "ಅಜ್ಜಿ ಎಲ್ಲಿ?"

ಬೇಕರಿಯವಳ ಮುಖ ಬಾಡಿತು. ಹಿಂದೊಮ್ಮೆ ಚರಂಡಿ ನೀರಿನ ವಿಷಯಕ್ಕೆ ಜಗಳವಾದಾಗಿನಿಂದ ಅಜ್ಜಿ ಅವಳ ಹೊಸಿಲು ತುಳಿದಿರಲಿಲ್ಲ, ಮಾತೂ ಆಡಿರಲಿಲ್ಲ.

ಚಿಕ್ಕಪ್ಪ ಅಜ್ಜಿಯ ಮುಂದೆ ನಿಂತ. "ಅಮ್ಮ, ನೀನು ಹೋಗಬೇಕಂತೆ. ಸಂಘದ ತೀರ್ಮಾನ."

"ಸಂಘ ಅಂದ್ರೆ ಯಾರೋ?"

"ನಾನೇ."

"ನಿನ್ನ ಮೂಗು ಒರೆಸಿದವಳು ನಾನು. ನನಗೇ ತೀರ್ಮಾನ ಹೇಳ್ತೀಯಾ?"

"ಕಥೆ ಕೇಳೋಕೆ ಎಂಟು ಜನ ಕಾಯ್ತಿದ್ದಾರಮ್ಮ."

ಅಜ್ಜಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಚಪ್ಪಲಿ ಹುಡುಕಿದಳು.

ಬೇಕರಿಯವಳಿಗೆ ಬೆನ್ನು ತಿರುಗಿಸಿ ಕೂತು ಅಜ್ಜಿ ಕಥೆ ಹೇಳಿದಳು. ಬೇಕರಿಯವಳು ಬಿಸಿ ಬ್ರೆಡ್ಡಿನ ತಟ್ಟೆಯನ್ನು ಪಕ್ಕದಲ್ಲಿಟ್ಟಳು. ಅಜ್ಜಿ ಕಥೆಯ ನಡುನಡುವೆ ಅಷ್ಟನ್ನೂ ತಿಂದಳು. ಏಳುವಾಗ ಗೋಡೆಯ ಕಡೆ ನೋಡುತ್ತ, "ಉಪ್ಪು ಒಂಚೂರು ಜಾಸ್ತಿಯಾಯ್ತು" ಎಂದಳು.

ಅತಿಥಿಗಳನ್ನು ಅಲ್ಲೇ ಬಿಟ್ಟು ಬೇಕರಿಯವಳು ಹಿಟ್ಟಿನ ಕೈಯಲ್ಲೇ ಚಿಕ್ಕಮ್ಮನ ಅಂಗಡಿಗೆ ಓಡಿಬಂದಳು.

"ನಿಮ್ಮತ್ತೆ ಮಾತಾಡಿಸಿದ್ರು ಕಣೇ!" ಎಂದಳು.