ಮೂವತ್ತೆರಡು ವೋಲ್ಟ್

ಶವಪೆಟ್ಟಿಗೆಯ ಮೇಲಿದ್ದ ಟೊಪ್ಪಿಯನ್ನು ಎಲ್ಸಿ ಕಿತ್ತು ಅಂಗಳಕ್ಕೆ ಎಸೆದಳು.

"ನನ್ನ ಗಂಡ ಏನು ಗೂಟಾನಾ ಕ್ಲೆಮ್, ಟೊಪ್ಪಿ ಇಡೋಕೆ?"

ಪಕ್ಕದ ಗೋದಿ ಹೊಲದ ಕ್ಲೆಮ್ ಶುಲ್ಟ್ಸ್ ಟೊಪ್ಪಿಯತ್ತ ನೋಡಲೂ ಇಲ್ಲ. ಕೋಟಿನಿಂದ ಕಾಗದ ತೆಗೆದ.

"ಸಹಿ ಹಾಕು. ನಿಮ್ಮ ಹೊಲದಲ್ಲಿ ಕಂಬ ನೆಡದೆ ನಮ್ಮ ಆರು ಮನೆಗೆ ಕರೆಂಟ್ ಬರಲ್ಲ. ಇವತ್ತು ಕರೆಂಟ್ ಆಫೀಸು ಮುಚ್ಚೋದ್ರೊಳಗೆ ಕೊಡದಿದ್ರೆ ತಂತಿ ಬೇರೆ ರಸ್ತೆಗೆ ಹೋಗುತ್ತೆ."

"ಮೊದಲು ಹೆಗಲು ಕೊಡಿ. ಮಣ್ಣು ಮಾಡಿ ಬಂದು ಹಾಕ್ತೀನಿ."

"ನಿನ್ನ ಗಂಡ ಆಲ್ಬಿನೂ ಸುಗ್ಗಿ ಮುಗೀಲಿ, ಹಾಕ್ತೀನಿ ಅಂತಿದ್ದ. ಏಳು ಸುಗ್ಗಿ ಆಯ್ತು."

ಹಿಂದೆ ಐವರು ಗಂಡಸರು ಕೈಕಟ್ಟಿ ನಿಂತಿದ್ದರು. ಒಬ್ಬ ಕಿಸಕ್ಕೆಂದ.

"ಮೂವತ್ತೆರಡು ವೋಲ್ಟೇ ಸಾಕು ಅಂತಿದ್ದೋನು, ಪೇಟೆಯ ಇನ್ನೂರ ನಲವತ್ತನ್ನ ಒಂದೇ ಗುಕ್ಕಿಗೆ ನುಂಗ್ಬಿಟ್ಟ!"

ಎಲ್ಸಿಗೆ ಮೈಯೆಲ್ಲ ಉರಿಯಿತು.

*

ಆಲ್ಬಿಯ ಮನೆಗೆ ಕರೆಂಟ್ ಕೊಡುತ್ತಿದ್ದುದು ಗಾಳಿಚಕ್ರ ಮತ್ತು ಶೆಡ್ಡಿನಲ್ಲಿ ಸಾಲಾಗಿಟ್ಟ ಬ್ಯಾಟರಿಗಳು. ಮೂವತ್ತೆರಡು ವೋಲ್ಟ್. ದೀಪ ಮಂಕಾದರೆ ಬೆರಳಿಗೆ ಉಗುಳು ಹಚ್ಚಿ ತಂತಿ ಮುಟ್ಟುತ್ತಿದ್ದ. ಚುರುಗುಟ್ಟಿದರೆ ಕರೆಂಟ್ ಇದೆ ಎಂದರ್ಥ. ಮ್ಯಾಲೀ ಎಂಬ ಆ ಗೋದಿ ಬಯಲಿನಲ್ಲಿ ಗಾಳಿಚಕ್ರ ಇದ್ದವರೆಲ್ಲ ಹಾಗೇ ನೋಡುತ್ತಿದ್ದರು.

"ನಂಗೂ ಫ್ರಿಜ್ ಬೇಕು. ಒಂದು ಸಹಿ ಹಾಕಿ ಸಾಯಬಾರದಾ?" ಎಂದು ಎಲ್ಸಿಯೇ ಜಗಳ ತೆಗೆಯುತ್ತಿದ್ದಳು.

"ಪೇಟೆ ಕರೆಂಟು ಆಳನ್ನ ಕೊಲ್ಲುತ್ತೆ ಕಣೇ. ನಮ್ದು ಬರೀ ಕಚಗುಳಿ ಇಡುತ್ತೆ."

ಹೋದ ಮಂಗಳವಾರ ಪೇಟೆಯಲ್ಲಿ ಆಲ್ಬಿಯ ತಂಗಿ ಮನೆಯ ಬಲ್ಬು ಹತ್ತಲಿಲ್ಲ. "ತಡಿ, ನೋಡ್ತೀನಿ," ಎಂದು ಆಲ್ಬಿ ಸ್ಟೂಲು ಹತ್ತಿದ. ನಲವತ್ತು ವರ್ಷದ ಅಭ್ಯಾಸ, ಬೆರಳನ್ನು ಬಾಯಿಗಿಟ್ಟುಕೊಂಡ. ಕೆಳಗೆ ಬಿದ್ದದ್ದು ಹೆಣ.

*

ಮಣ್ಣು ಮಾಡಿಸಲು ಬಂದು ಕಾಯುತ್ತಿದ್ದ ಪಾದ್ರಿ ಮತ್ತೆ ಗಡಿಯಾರ ನೋಡಿದರು. ತಗಡಿನ ಸೂರು ಬಿಸಿಲಿಗೆ ಕಾದಿತ್ತು. ಹೆಣ ಇನ್ನು ಇಡುವಂತಿರಲಿಲ್ಲ.

"ಇನ್ನೂ ಮಣ್ಣು ಬಿದ್ದಿಲ್ಲ. ನೀವೇನು ಮನುಷ್ಯರಾ?" ಎಂದಳು ಎಲ್ಸಿ.

"ಏಳು ವರ್ಷ ಅವನನ್ನ ನಾವೂ ಅದನ್ನೇ ಕೇಳಿದ್ವಿ," ಎಂದ ಕ್ಲೆಮ್. "ನನ್ನ ಹೆಂಡ್ತಿ ಸೀಮೆಎಣ್ಣೆ ಹೊಗೇಲಿ ಕೆಮ್ಮಿ ಕೆಮ್ಮಿ ಅರ್ಧ ಆದ್ಳು. ಹೆಗಲು ಬೇಕಾ? ಸಹಿ ಹಾಕು."

ಆ ಗಳಿಗೆಯಲ್ಲಿ ಎಲ್ಸಿಗೆ ಅವರಿಗಿಂತ ಹೆಚ್ಚು ಸಿಟ್ಟು ಬಂದದ್ದು ಆಲ್ಬಿಯ ಮೇಲೆ. ಕಾಗದವನ್ನು ಪೆಟ್ಟಿಗೆಯ ಮುಚ್ಚಳದ ಮೇಲೆಯೇ ಹರಡಿ, ಹರಿದೇಹೋಗುವಂತೆ ಒತ್ತಿ ಸಹಿ ಮಾಡಿದಳು.

ಕೂಡಲೇ ಆರೂ ಜನ ಪೆಟ್ಟಿಗೆಗೆ ಕೈ ಹಾಕಿದರು. ಐವರು ಎರಡೂ ಕೈಯಲ್ಲಿ ಎತ್ತಿದರು. ಕ್ಲೆಮ್ ಮಾತ್ರ ಒಂದೇ ಕೈಯಲ್ಲಿ. ಇನ್ನೊಂದರಲ್ಲಿ, ಮಸಿ ಒಣಗಲೆಂದು, ಕಾಗದ ಬೀಸುತ್ತಿದ್ದ. ಆಲ್ಬಿ ಅವನ ಕಡೆಗೇ ವಾಲಿಕೊಂಡು ಹೊರಟ.