ತೊಡೆಯ ಮೇಲಿನ ಚೀಲ

ಮೂವರಲ್ಲಿ ಟೈಲರಮ್ಮನೇ ಪುಕ್ಕಲಿ. ಇದನ್ನು ಬೇರೆಯವರು ಹೇಳಬೇಕಾಗಿಯೇ ಇರಲಿಲ್ಲ, ಅವಳೇ ಒಪ್ಪಿಕೊಂಡುಬಿಟ್ಟಿದ್ದಳು. ಹಗ್ಗ ಕಂಡರೂ ಹಾವೆಂದು ಹಾರುವ ಪೈಕಿ. ಪ್ರವಾಸದ ಮೊದಲ ದೇಶದಲ್ಲಿ ರಸ್ತೆ ದಾಟಲು ಹೆದರಿದಳು. ಅಲ್ಲಿ ಸ್ಕೂಟರುಗಳು ಯಾರಿಗೂ ನಿಲ್ಲುವುದಿಲ್ಲ, ನಾವೇ ಅವುಗಳ ನಡುವೆ ತೂರಿಕೊಂಡು ಹೋಗಬೇಕು. ಎರಡನೆಯ ದೇಶದಲ್ಲಿ ದ್ವೀಪಕ್ಕೆ ಹೋಗುವ ದೋಣಿಗೆ ಹೆದರಿದಳು, ದ್ವೀಪ ಸೇರಿದ ಮೇಲೆ ವಾಪಸು ಬರುವ ದೋಣಿಗೆ ಇನ್ನಷ್ಟು ಹೆದರಿದಳು. ಹಾಸ್ಟೆಲ್ಲಿನ ಎರಡಂತಸ್ತಿನ ಮಂಚದಲ್ಲಿ ಮೇಲೆ ಮಲಗಿದರೆ ತಾನು ಬಿದ್ದೇನೆಂಬ ಭಯ, ಕೆಳಗೆ ಮಲಗಿದರೆ ಮೇಲಿನವರು ಬಿದ್ದಾರೆಂಬ ಭಯ.

"ಇವಳನ್ನ ಕರ್ಕೊಂಡು ಬಂದಿದ್ದಕ್ಕೆ ನಮಗೆ ಬೇರೆ ಸಿನಿಮಾ ಬೇಕಾಗಿಲ್ಲ," ಎಂದು ಕಂಡಕ್ಟರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಕಂಡಕ್ಟರ್ ಎಂದರೆ ಹೆಸರಿಗಲ್ಲ, ನಿಜವಾದ ಕಂಡಕ್ಟರ್. ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ಕೂದಲು ನೆರೆಸಿಕೊಂಡವಳು. ಮೂರನೆಯವಳು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಅಗ್ಗದ ಟಿಕೆಟ್, ಅಗ್ಗದ ಹಾಸಿಗೆ, ಅಗ್ಗದ ಬಸ್ಸು ಎಲ್ಲವನ್ನೂ ಫೋನಿನಲ್ಲಿ ಹುಡುಕಿದ್ದು ಅವಳು. ಮೂವರೂ ಶಾಲೆಯಲ್ಲಿ ಒಂದೇ ಬೆಂಚಿನವರು. ಮದುವೆ, ಮಕ್ಕಳು, ಅತ್ತೆಮನೆ ಎಂದು ಎಲ್ಲೆಲ್ಲೋ ಚೆದುರಿದರೂ ಬೆಂಚು ಮಾತ್ರ ಬಿಟ್ಟಿರಲಿಲ್ಲ.

ಟೈಲರಮ್ಮನ ಗಂಡ ತೀರಿಕೊಂಡಾಗ ಬಂದವರೆಲ್ಲ ಕಣ್ಣೊರೆಸಿಕೊಂಡು ಕಾಫಿ ಕುಡಿದು ಹೋದರು. ಕಂಡಕ್ಟರ್ ಮಾತ್ರ ರಜೆ ಹಾಕಿ, ಚಾಪೆ ಸುತ್ತಿಕೊಂಡು ಬಂದು, ಅವಳ ಮಗ್ಗುಲಲ್ಲೇ ಮಲಗಿದಳು. ಹೊಲಿಗೆ ಯಂತ್ರದ ಮೇಲೆ ಧೂಳು ಕೂತಿದ್ದನ್ನು ಕಂಡು, ತನ್ನದೇ ಹಳೆಯ ರವಿಕೆಯನ್ನು ಅದರ ಮೇಲೆ ಎಸೆದು, "ಇದನ್ನ ಸಡಿಲ ಮಾಡಿಕೊಡು, ದಪ್ಪ ಆಗಿದೀನಿ," ಎಂದಿದ್ದಳು. ಹಾಗೆ ಮತ್ತೆ ತಿರುಗಿದ ಯಂತ್ರ ಇವತ್ತಿಗೂ ತಿರುಗುತ್ತಿದೆ, ಮಗಳು ಹತ್ತನೆಯ ಕ್ಲಾಸಿಗೆ ಬಂದಿದ್ದಾಳೆ. ಈ ಪ್ರವಾಸಕ್ಕೆ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೊರಡಿಸಿದವಳೂ ಕಂಡಕ್ಟರೇ. ಅಂಥವಳ ಋಣ ಯಾವ ಜನ್ಮಕ್ಕೆ ತೀರೀತು ಎಂದು ಟೈಲರಮ್ಮ ಸಿಕ್ಕಸಿಕ್ಕವರ ಹತ್ತಿರ ಹೇಳುತ್ತಿದ್ದಳು. ಹೇಳುವುದಕ್ಕೇನು, ಬಾಯಿಗೆ ಬಾಡಿಗೆಯೇ?

ಮೂರನೆಯ ದೇಶಕ್ಕೆ ಬಸ್ಸಿನಲ್ಲಿ ಗಡಿ ದಾಟಬೇಕಿತ್ತು. ಹಿಂದಿನ ಸಂಜೆ ಟೀಚರ್ ಫೋನು ನೋಡಿ ಪಾಠ ಮಾಡಿದ್ದಳು. "ಗಡೀಲಿ ಬೇರೆಯವರ ಬ್ಯಾಗ್ ಮುಟ್ಟಲೇಬಾರದಂತೆ. ಒಳಗೆ ಅಮಲಿನ ಪುಡಿಗಿಡಿ ಏನಾದ್ರೂ ಸಿಕ್ಕಿದ್ರೆ ಗಲ್ಲು. ನಾಯಿ ಬಂದು ಮೂಸುತ್ತಂತೆ. ಬೊಗಳೋದಿಲ್ಲ, ಸುಮ್ನೆ ಪಕ್ಕದಲ್ಲಿ ಕೂತುಬಿಡುತ್ತೆ. ಕೂತ್ರೆ ಮುಗೀತು ಕತೆ."

"ನಮ್ಮ ಹತ್ರ ಇರೋ ಪುಡಿ ಅಂದ್ರೆ ಹಲ್ಲುಪುಡಿ," ಎಂದಳು ಕಂಡಕ್ಟರ್.

ಟೈಲರಮ್ಮ ನಗಲಿಲ್ಲ. ತನ್ನ ಚೀಲದ ಮೂಲೆ ಮೂಲೆಯನ್ನೂ ತಡವಿ ನೋಡಿ ಮಲಗಿದಳು.

ಬೆಳಿಗ್ಗೆ ಹತ್ತಿದ ಬಸ್ಸು ಅಗ್ಗವೆಂದು ಮುಗ್ಗಲು ಜೋಳ ಕೊಂಡ ಹಾಗಿತ್ತು. ಅರ್ಧ ಜನ ಕೂತಿದ್ದರು, ಅರ್ಧ ಜನ ನೇತಾಡುತ್ತಿದ್ದರು. ಟೀಚರಿಗೆ ಮುಂದೆ ಸೀಟು ಸಿಕ್ಕಿತು, ಉಳಿದಿಬ್ಬರಿಗೆ ಹಿಂದೆ. ಸ್ವಲ್ಪ ದೂರ ಹೋದ ಮೇಲೆ ಒಬ್ಬಳು ಅಜ್ಜಿ ಹತ್ತಿದಳು, ಕೈಯಲ್ಲಿ ಉಬ್ಬಿದ ನೀಲಿ ಚೀಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಚೀಲ ಹಿಡಿದು ತೂರಾಡುತ್ತಿದ್ದಳು. ಕಂಡಕ್ಟರ್ ಒಂದು ಗಳಿಗೆಯೂ ಯೋಚಿಸಲಿಲ್ಲ. "ಕೊಡಿ ಅಜ್ಜಿ ಇಲ್ಲಿ," ಎಂದು ಕನ್ನಡದಲ್ಲೇ ಹೇಳಿ, ಚೀಲವನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಕೂತವರು ನಿಂತವರ ಚೀಲ ಹಿಡಿಯುವುದು ಅವಳ ಬಸ್ಸಿನಲ್ಲಿ ಉಸಿರಾಡಿದಷ್ಟೇ ಸಹಜ. ಅಜ್ಜಿಗೆ ಮೊದಲು ಗಾಬರಿ, ಆಮೇಲೆ ಬೊಚ್ಚುಬಾಯಿಯ ತುಂಬ ನಗು.

"ನಿನ್ನೆ ತಾನೆ ಟೀಚರ್ ಹೇಳಿದ್ಲಲ್ಲೇ!" ಟೈಲರಮ್ಮ ಪಿಸುಗುಟ್ಟಿದಳು.

"ಅಯ್ಯೋ, ಹೆತ್ತಜ್ಜಿ ಥರ ಇದಾಳೆ. ಸುಮ್ನಿರು."

"ಬೀದೀಲಿ ಹೋಗೋ ಮಾರೀನ ಮನೆಗೆ ಕರೀತಿದೀಯ ನೀನು."

ಗಡಿಗಿಂತ ಸ್ವಲ್ಪ ಹಿಂದೆ ಬಸ್ಸು ಒಂದು ಕಡೆ ನಿಂತಿತು. ಕೆಲವರು ಇಳಿದರು, ಕೆಲವರು ಹತ್ತಿದರು, ಡ್ರೈವರು ಹಾರನ್ ಒತ್ತಿ ಹೊರಟೇಬಿಟ್ಟ. ಒಂದಷ್ಟು ದಾರಿ ಸಾಗಿದ ಮೇಲೆ ಕಂಡಕ್ಟರ್ ಕತ್ತು ಚಾಚಿ ನೋಡಿದಳು. ಕಂಬಿಯ ಹತ್ತಿರ ಅಜ್ಜಿ ಇರಲಿಲ್ಲ.

"ಮುಂದೆ ಎಲ್ಲೋ ಸೀಟು ಸಿಕ್ಕಿರ್ಬೇಕು," ಎಂದಳು. ಆದರೆ ಅವಳ ದನಿಯಲ್ಲಿ ಎಂದಿನ ಗತ್ತು ಇರಲಿಲ್ಲ. ಅದನ್ನು ಕೇಳಿಯೇ ಟೈಲರಮ್ಮ ಚೀಲದಿಂದ ಒಂದಿಷ್ಟು ಆಚೆ ಸರಿದು ಕೂತಳು.

ಗಡಿಯಲ್ಲಿ ಎಲ್ಲರೂ ಸಾಮಾನು ಸಮೇತ ಇಳಿಯಬೇಕೆಂದು ಡ್ರೈವರು ಕೂಗಿದ. ಕಂಡಕ್ಟರ್ ನೀಲಿ ಚೀಲವನ್ನು ಸೀಟಿನ ಮೇಲೆ ಬಿಟ್ಟು ಇಳಿದಳು. ಅವನು ಅದನ್ನು ಕಿಟಕಿಯಿಂದ ತೋರಿಸಿ ಏನೋ ಬೈದು, ತಂದು ಅವಳ ಕೈಗೇ ತುರುಕಿದ. ಅವನು ದಾರಿಯುದ್ದಕ್ಕೂ ಕನ್ನಡಿಯಲ್ಲಿ ನೋಡಿದ್ದು ಅವಳ ತೊಡೆಯ ಮೇಲಿನ ಚೀಲವನ್ನೇ ತಾನೆ? ಇದು ನನ್ನದಲ್ಲ ಎಂದು ಯಾವ ಭಾಷೆಯಲ್ಲಿ ಹೇಳುವುದು? ಟೀಚರ್ ಆಗಲೇ ಎಲ್ಲರಿಗಿಂತ ಮುಂದೆ ಹೋಗಿ ಸಾಲಿನ ತಲೆಯಲ್ಲಿ ನಿಂತಾಗಿತ್ತು.

ಒಳಗೆ ಉದ್ದನೆಯ ಹಜಾರ. ನೆಲಕ್ಕೆ ಹಳದಿ ಗೆರೆ, ತಲೆಯ ಮೇಲೆ ಕಿರಗುಟ್ಟುವ ಫ್ಯಾನು, ಎದುರಿಗೆ ಗಾಜಿನ ಗೂಡುಗಳು. ಗೋಡೆಯ ಮೇಲೆ ದೊಡ್ಡದೊಂದು ಚಿತ್ರ. ಅದರ ಕೆಳಗಿನ ಅಕ್ಷರಗಳು ಟೈಲರಮ್ಮನಿಗೆ ತಿಳಿಯಲಿಲ್ಲ, ಚಿತ್ರ ಮಾತ್ರ ಚೆನ್ನಾಗಿ ತಿಳಿಯಿತು: ಒಂದು ಚೀಲ, ಅದರ ಪಕ್ಕದಲ್ಲಿ ನೇಣಿನ ಕುಣಿಕೆ.

"ಇಲ್ಲೇ ಕೆಳಗಿಟ್ಟು ಬಂದ್ಬಿಡೇ," ಅವಳು ಅಳುವ ದನಿಯಲ್ಲಿ ಹೇಳಿದಳು.

"ಎಲ್ಲಾ ಕಡೆ ಕ್ಯಾಮೆರಾ ಇದೆ. ಬಿಟ್ಟು ಹೋದ್ರೆ ಕಳ್ಳಿ ಅಂತ ಅವರೇ ತೀರ್ಮಾನ ಮಾಡ್ತಾರೆ. ಅಜ್ಜಿ ಸಿಗ್ತಾಳೆ ಇರು," ಎಂದ ಕಂಡಕ್ಟರ್ ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಹಣೆಯಿಂದ ಬೆವರು ಇಳಿಯುತ್ತಿತ್ತು. ಆಮೇಲೆ ಮೆಲ್ಲಗೆ, ತುಟಿ ಅಲ್ಲಾಡದ ಹಾಗೆ, "ನೀನು ಒಂದ್ಸ್ವಲ್ಪ ಹಿಂದೆ ನಿಂತ್ಕೋ," ಎಂದಳು.

ಟೈಲರಮ್ಮ ಹಿಂದೆ ನಿಂತಳು. ಏಕೆ ಎಂದು ಕೇಳಲಿಲ್ಲ. ನಡುವೆ ಒಬ್ಬರು ನುಗ್ಗಿದಾಗ ದಾರಿಯನ್ನೂ ಬಿಟ್ಟುಕೊಟ್ಟಳು.

ನಾಯಿ ಬಂತು. ಕಂದು ಬಣ್ಣದ, ನೋಡಲು ಸಾಧುವಾದ ನಾಯಿ. ಒಬ್ಬೊಬ್ಬರ ಕಾಲ ಬುಡದಲ್ಲಿ ಮೂಸುತ್ತಾ ಬಂದು, ನೀಲಿ ಚೀಲದ ಹತ್ತಿರ ನಿಂತು, ಒಮ್ಮೆ ಬಾಲ ಆಡಿಸಿ, ಕೂತುಬಿಟ್ಟಿತು.

ಸಾಲಿನಲ್ಲಿದ್ದವರೆಲ್ಲ ಸದ್ದಿಲ್ಲದೆ ಸರಿದು ಕಂಡಕ್ಟರಿನ ಸುತ್ತ ಜಾಗ ಮಾಡಿದರು. ಸಮವಸ್ತ್ರದ ಇಬ್ಬರು ಬಂದು, ಒಬ್ಬ ಚೀಲ ಹಿಡಿದ, ಒಬ್ಬಳು ತೋಳು ಹಿಡಿದಳು. ಪಕ್ಕದ ಗಾಜಿನ ಕೋಣೆಗೆ ಕರೆದುಕೊಂಡು ಹೋದರು. ಕಂಡಕ್ಟರ್ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಸದ್ಯ, ನೋಡಲಿಲ್ಲ ಎಂದು ಟೈಲರಮ್ಮನಿಗೆ ಸಮಾಧಾನವಾಯಿತು. ಸಮಾಧಾನವಾದದ್ದು ಗೊತ್ತಾಗಿ ಮೈಯೆಲ್ಲ ತಣ್ಣಗಾಯಿತು.

ಸಮವಸ್ತ್ರದವನೊಬ್ಬ ಕೋಣೆಯಿಂದ ಹೊರಬಂದು ಸಾಲನ್ನು ನೋಡುತ್ತಾ ನಡೆದ. ಟೈಲರಮ್ಮನ ಸೀರೆ ಕಂಡು ನಿಂತ. ಟೀಚರ್ ಆಗಲೇ ಹೊರಗೆ ದಾಟಿಯಾಗಿತ್ತು, ಇಡೀ ಹಜಾರದಲ್ಲಿ ಸೀರೆ ಉಟ್ಟವರು ಇಬ್ಬರೇ. ಅವನು ಗಾಜಿನ ಕೋಣೆಯತ್ತ ಕೈ ತೋರಿಸಿದ, ಅವಳತ್ತ ತೋರಿಸಿದ, ಎರಡು ಬೆರಳುಗಳನ್ನು ಜೋಡಿಸಿ ಮುಖದ ಮುಂದೆ ಹಿಡಿದ. ನೀವಿಬ್ಬರೂ ಜೊತೆಯೇ?

ಯೋಚಿಸುವುದಕ್ಕೆ ಹೊತ್ತಿರಲಿಲ್ಲ ಎಂದು ಆಮೇಲೆ ಹೇಳಿಕೊಳ್ಳಬಹುದಿತ್ತು. ಆದರೆ ಇತ್ತು. ಅವನು ಬೆರಳು ಜೋಡಿಸಿಕೊಂಡು ತಾಳ್ಮೆಯಿಂದಲೇ ನಿಂತಿದ್ದ. ಅಕ್ಕನ ಮನೆಯ ಬಾಗಿಲಲ್ಲಿ ಮಗಳು ದಾರಿ ಕಾಯುತ್ತಾ ನಿಂತದ್ದು ಟೈಲರಮ್ಮನ ಕಣ್ಣ ಮುಂದೆ ಬಂತು. ಕುಣಿಕೆ ಬಂತು. ಚಾಪೆ ಸುತ್ತಿಕೊಂಡು ಬಂದವಳೂ ಬಂದಳು, ಬರಲಿಲ್ಲ ಎಂದರೆ ಸುಳ್ಳಾದೀತು. ಎಲ್ಲರೂ ಬಂದು ಹೋದ ಮೇಲೆ ಟೈಲರಮ್ಮ ತಲೆ ಅಲ್ಲಾಡಿಸಿದಳು. ಅಷ್ಟು ಸಾಲದೆಂದು ಇನ್ನೊಮ್ಮೆ ಅಲ್ಲಾಡಿಸಿ, "ನೋ," ಎಂದಳು.

ಅವನು ಹೊರಟುಹೋದ. ಗೂಡಿನಲ್ಲಿ ಕೂತವನು ಅವಳ ಪಾಸ್‌ಪೋರ್ಟಿಗೆ ಠಸ್ಸೆ ಒತ್ತಿದ. ಅವಳು ಗಾಜಿನ ಬಾಗಿಲು ದಾಟಿದಳು.

ಹೊರಗಿನ ಬೆಂಚಿನ ಮೇಲೆ ಟೀಚರ್ ಕಾಯುತ್ತಿದ್ದಳು. "ಅವಳೆಲ್ಲಿ?"

"ಹಿಡ್ಕೊಂಡು ಹೋದ್ರು. ಬಸ್ಸಲ್ಲಿ ಯಾವುದೋ ಅಜ್ಜಿ ಚೀಲ ಹಿಡ್ಕೊಂಡಿದ್ಲು... ನಾಯಿ ಕೂತುಬಿಡ್ತು ಕಣೇ."

ಟೀಚರ್ ಎದ್ದು ನಿಂತಳು. ಮುಖ ಬಿಳಿಚಿಕೊಂಡಿತ್ತು. "ನೀನು ಹಿಂದೇನೇ ಇದ್ದೆಯಲ್ಲ? ನಮ್ಮವಳು, ಚೀಲ ಅವಳದಲ್ಲ ಅಂತ ಹೇಳ್ಬೇಕು ತಾನೆ?"

"ನನ್ನ ಯಾರೂ ಏನೂ ಕೇಳ್ಲಿಲ್ಲ."

"ಬಾ, ಇಬ್ರೂ ಹೋಗಿ ಹೇಳೋಣ. ನೀನು ಕಣ್ಣಾರೆ ನೋಡಿದೀಯ, ನೀನೇ ಸಾಕ್ಷಿ."

ಹೋದರೆ ಆ ಸಮವಸ್ತ್ರದವನು ಅಲ್ಲಿರುತ್ತಾನೆ. ಇವಳೇ ಅಲ್ಲವೇ ಜೊತೆಯಲ್ಲ ಎಂದವಳು ಎಂದು ಬೆರಳು ತೋರಿಸುತ್ತಾನೆ. ಸುಳ್ಳು ಹೇಳಿದವಳೆಂದು ಒಳಗೆ ಹಾಕಿದರೆ? ಅದಕ್ಕಿಂತ ಹೆಚ್ಚಾಗಿ, ಕಂಡಕ್ಟರಿನ ಎದುರಿಗೇ ಬೆರಳು ತೋರಿಸಿದರೆ? ಅತ್ತ ದರಿ, ಇತ್ತ ಪುಲಿ. "ತಲೆ ಸುತ್ತುತ್ತಿದೆ ಕಣೇ," ಎಂದು ಟೈಲರಮ್ಮ ಬೆಂಚಿನ ಮೇಲೆ ಕುಸಿದಳು. ತಲೆ ನಿಜಕ್ಕೂ ಸುತ್ತುತ್ತಿತ್ತು.

ಟೀಚರ್ ಒಬ್ಬಳೇ ಓಡಿದಳು. ಬಾಗಿಲಲ್ಲಿದ್ದ ಕಾವಲಿನವನ ಹತ್ತಿರ ಇಂಗ್ಲಿಷಿನಲ್ಲಿ ಬೇಡಿಕೊಂಡಳು, ಕೂಗಾಡಿದಳು, ಕೊನೆಗೆ ಕೈ ಮುಗಿದಳು. ಅವನು ಅಲ್ಲೇ ನಿಲ್ಲೆಂದು ಸನ್ನೆ ಮಾಡಿದ. ಬಸ್ಸಿನ ಡ್ರೈವರು ಹಾರನ್ ಒತ್ತತೊಡಗಿದ. ಒಂದೊಂದು ಹಾರನ್ನಿಗೂ ಟೈಲರಮ್ಮ ಬೆಚ್ಚುತ್ತಿದ್ದಳು. ಊರಿಗೆ ಹೋಗಿ ಏನೆಂದು ಹೇಳುವುದು, ಅವಳಿಲ್ಲದೆ ಆ ಬೀದಿಯಲ್ಲಿ ಹೇಗೆ ಓಡಾಡುವುದು ಎಂದು ಆಗಲೇ ಮನಸ್ಸು ಲೆಕ್ಕ ಹಾಕುತ್ತಿತ್ತು. ಆ ಮನಸ್ಸನ್ನು ಕಂಡು ಅವಳಿಗೇ ಅಸಹ್ಯವಾಯಿತು.

ಕೊನೆಗೆ ಗಾಜಿನ ಬಾಗಿಲು ತೆರೆಯಿತು. ಮೊದಲು ಅಜ್ಜಿ ಬಂದಳು, ಅವಳ ಹಿಂದೆ ಕಂಡಕ್ಟರ್, ಸೆರಗು ಜಾರಿ, ಜಡೆ ಬಿಚ್ಚಿಹೋಗಿ, ಆದರೆ ನಗುತ್ತಾ. ಅಜ್ಜಿ ಅವಳ ಕೆನ್ನೆ ತಟ್ಟಿ, ಏನೇನೋ ಹೇಳಿ, ಹಗುರವಾದ ನೀಲಿ ಚೀಲ ಹಿಡಿದು ಹೊರಟುಹೋದಳು.

"ಎಲ್ಲಾ ಸನ್ನೇಲೇ ತಿಳೀತು. ಪಾಪ, ಅಜ್ಜಿ ಬಾತ್‌ರೂಮಿಗೆ ಅಂತ ಇಳಿದಿದ್ಲು, ಈ ಡ್ರೈವರು ಬಿಟ್ಟು ಬಂದಿದ್ದಾನೆ. ಹಿಂದಿನ ಬಸ್ಸು ಹತ್ಕೊಂಡು ಬಂದು, ನನ್ನ ಚೀಲ, ನನ್ನ ಚೀಲ ಅಂತ ಗಲಾಟೆ ಮಾಡಿದ್ಲು," ಬಸ್ಸಿನಲ್ಲಿ ಕೂತ ಮೇಲೆ ಕಂಡಕ್ಟರ್ ಹೇಳಿದಳು. "ಒಳಗೆ ಏನಿತ್ತು ಗೊತ್ತಾ? ಒದ್ದೆ ಬಟ್ಟೇಲಿ ಸುತ್ತಿದ ಗಿಡದ ಕಡ್ಡಿಗಳು, ಒಂದಿಷ್ಟು ಒಣಗಿಸಿದ ಮಾಂಸ. ಗಡಿ ದಾಟಿಸಬಾರದಂತೆ, ಕಿತ್ಕೊಂಡ್ರು. ಆ ನಾಯಿಗೆ ಬೇಕಾಗಿದ್ದೂ ಅದೇ!"

ಈಗ ಸೀಟುಗಳು ಖಾಲಿಯಿದ್ದವು. ಟೀಚರ್ ಇವರಿಬ್ಬರ ಎದುರಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತಿದ್ದಳು, ಕಣ್ಣು ಕೆಂಪಾಗಿತ್ತು. ಕಂಡಕ್ಟರ್ ದನಿ ತಗ್ಗಿಸಿದಳು. "ಜೀವ ಬಾಯಿಗೆ ಬಂದಿತ್ತು ಕಣ್ರೇ. ಅವನು ಬೆರಳು ಜೋಡಿಸಿ, ಜೊತೆಗೆ ಯಾರಿದ್ದಾರೆ ಅಂತ ಕೇಳಿದ. ನಾನು ಒಂದು ಬೆರಳು ತೋರಿಸಿದೆ, ಒಬ್ಬಳೇ ಅಂತ. ಹೋದ್ರೆ ನಾನೊಬ್ಬಳು ಹೋಗ್ತೀನಿ, ನಿಮ್ಮನ್ಯಾಕೆ ಸಿಕ್ಕಿಸ್ಲಿ? ಇವಳಿಗಂತೂ ಮಗಳಿದ್ದಾಳೆ. ಆದ್ರೆ ಅವನು ಸೀದಾ ಇವಳ ಹತ್ರ ಹೋದ ನೋಡು, ಆಗ ನಿಜವಾಗ್ಲೂ ಹೆದರಿಕೆ ಆಯ್ತು. ಈ ಪುಕ್ಕಲಿ ಎಲ್ಲಿ ಅತ್ಕೊಂಡು ನಾನೂ ಬರ್ತೀನಿ ಅಂತ ನನ್ನ ಹಿಂದೇನೇ ಬಂದ್ಬಿಡ್ತಾಳೋ ಅಂತ. ಗಾಜಲ್ಲಿ ನೋಡ್ತಾನೇ ಇದ್ದೆ. ತಲೆ ಅಲ್ಲಾಡಿಸಿದ್ಯಲ್ಲೇ! ನನ್ನ ಮನಸ್ಸಲ್ಲಿದ್ದಿದ್ದು ನಿಂಗೆ ಹೇಗೆ ಗೊತ್ತಾಯ್ತು? ಜಾಣೆ ನೀನು."

ಟೀಚರ್ ಮೆಲ್ಲಗೆ ಟೈಲರಮ್ಮನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮುಂದಕ್ಕೆ ತಿರುಗಿ ಕೂತಳು.

"ಹೂಂ," ಎಂದಳು ಟೈಲರಮ್ಮ.

ಕಂಡಕ್ಟರ್ ಅವಳ ಕೈಯನ್ನು ತನ್ನೆರಡು ಕೈಗಳ ನಡುವೆ ಇಟ್ಟುಕೊಂಡು ಉಜ್ಜಿದಳು. "ಎಲ್ಲಾ ಮುಗೀತಲ್ಲೇ, ಇನ್ಯಾಕೆ ಭಯ?"

ಟೈಲರಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಟೀಚರ್ ಯಾವಾಗ ಬಾಯಿ ತೆರೆಯುತ್ತಾಳೋ ಎಂದು ಎದುರಿನ ಸೀಟಿನ ಮೇಲೆ ಕಾಣುತ್ತಿದ್ದ ಅವಳ ತಲೆಯನ್ನೇ ನೋಡುತ್ತಾ ಕೂತಳು.