ನಾಲ್ಕು ವಾಟು

"ಒಂದೇ ಡಿಸ್ಕು ಸಾಕಲ್ವಾ ಮಾಮ?" ಎಂದು ಟನೀಲ್ ಕೇಳಿದಾಗ ಎಲ್ಡನ್ನನ ಪೆನ್ನು ಕಾಗದದ ಮೇಲೆ ಅಲ್ಲೇ ನಿಂತಿತು. "ತಿರುಗದೇ ಇರೋ ಡಿಸ್ಕು ಕರೆಂಟು ತಿನ್ನಲ್ಲ ಅಂತ ನೀನೇ ಹೇಳ್ತಿದ್ದೆ."

"ಎರಡು ಇರ್ಲಿ," ಎಂದ, ತಲೆ ಎತ್ತದೆ.

"ಅಬ್ಬಾ! ವಾಟು ಮಾಮನ ಬಾಯಲ್ಲಿ ಇಂಥ ಮಾತಾ? ಹುಷಾರಾಗಿದ್ದೀಯ ತಾನೇ?"

ನಾರ್ಫೋಕ್ ದ್ವೀಪದ ಟೆಲಿಫೋನ್ ಪುಸ್ತಕದಲ್ಲಿ ಯಾರನ್ನೇ ಹುಡುಕಬೇಕಾದರೂ ಅಡ್ಡಹೆಸರು ಗೊತ್ತಿರಬೇಕು. ಎಲ್ಡನ್ ಅದರಲ್ಲಿ 'ವಾಟು' ಎಂದಿದ್ದಾನೆ. ಡೀಸೆಲ್ಲು ಹಡಗಿನಲ್ಲಿ ಬರಬೇಕಾದ ಊರಿನಲ್ಲಿ ಕರೆಂಟು ಎಂದರೆ ತುಪ್ಪ ಇದ್ದ ಹಾಗೆ. ಇವನು ಅಂಗೈಯಗಲದ ಮೀಟರೊಂದನ್ನು ಜೇಬಿನಲ್ಲಿಟ್ಟುಕೊಂಡು, ಕರೆದವರ ಮನೆಗೂ ಕರೆಯದವರ ಮನೆಗೂ ಹೋಗಿ, ಅವರ ಫ್ರಿಜ್ಜು, ಟೀವಿ, ಕೆಟಲುಗಳ ಹೊಟ್ಟೆ ಅಳೆದು ಬುದ್ಧಿ ಹೇಳುತ್ತಿದ್ದ. ಹೊರಡುವಾಗ ಹಜಾರದ ದೀಪ ಆರಿಸಿಯೇ ಹೋಗುತ್ತಿದ್ದ, ಮನೆಯವರು ಅಲ್ಲೇ ಕುಳಿತು ಓದುತ್ತಿದ್ದರೂ. ಜನ ನಗುತ್ತಿದ್ದರು, ಆದರೆ ಅವನು ಹೇಳಿದ್ದನ್ನು ಕೇಳುತ್ತಿದ್ದರು.

ಟನೀಲ್ ಕೇಳುವವರಲ್ಲಿ ಮೊದಲಿಗಳು. ಶಾಲೆಯಲ್ಲಿ ಮಕ್ಕಳಿಗೆ ದ್ವೀಪದ ಹಳೆಯ ಮಾತು ಕಲಿಸುತ್ತಾಳೆ. ಆ ಮಾತನ್ನು ಬೆರಕೆಯಿಲ್ಲದೆ ಆಡುವವರು ಬೆರಳೆಣಿಕೆಯಷ್ಟೇ ಉಳಿದಿದ್ದಾರೆಂದು, ಎರಡು ವರ್ಷ ಪ್ರತಿ ಗುರುವಾರ, ಅವರಲ್ಲೊಬ್ಬರಾದ ಈನಾ ಅತ್ತೆಯ ಮನೆಗೆ ಹೋಗಿ, ಆಕೆ ಹೇಳಿದ್ದನ್ನೆಲ್ಲ ರೆಕಾರ್ಡು ಮಾಡಿಕೊಂಡಿದ್ದಳು. ಎಲ್ಲವೂ ಎಲ್ಡನ್ನನ ಅಡುಗೆಮನೆಯ ಕಪಾಟಿನ ಮೇಲೆ, ಅವನೇ ಜೋಡಿಸಿದ, ಹಗಲಿರುಳು ಓಡುವ ಪುಟ್ಟ ಸರ್ವರ್ ಕಂಪ್ಯೂಟರಿನಲ್ಲಿ ಇದ್ದವು. ಈಗ ಶಾಲೆಗೇ ಅಂಥದೊಂದು ಬೇಕು. ಇವತ್ತು ಸಂಜೆಯೊಳಗೆ ಎಲ್ಡನ್ ಬರೆಯುತ್ತಿದ್ದ ಪಟ್ಟಿ ಸಿಡ್ನಿಗೆ ಹೋದರೆ ಮುಂದಿನ ವಿಮಾನಕ್ಕೆ ಸಾಮಾನು ಬರುತ್ತದೆ.

ಬೋರ್ಡು ಯಾವುದೆಂದು ಆಗಲೇ ಬರೆದಾಗಿತ್ತು: ಫ್ಯಾನಿಲ್ಲದ್ದು, ಏಕೆಂದರೆ ಸಮುದ್ರದ ಉಪ್ಪುಗಾಳಿಗೆ ಫ್ಯಾನು ಎರಡು ವರ್ಷದಲ್ಲಿ ಕಿರುಗುಟ್ಟಲು ಶುರುಮಾಡುತ್ತದೆ. ದೊಡ್ಡ ಪವರ್ ಸಪ್ಲೈ ಬೇಡ, ಲ್ಯಾಪ್‌ಟಾಪಿನದರಂಥ ಅಡಾಪ್ಟರು ಸಾಕು. ಮೆಮೊರಿ ಒಂದೇ ತುಂಡು. ಇಷ್ಟನ್ನೂ ಅವನು ಗಟ್ಟಿ ದನಿಯಲ್ಲೇ ಹೇಳಿದ್ದ. ಡಿಸ್ಕಿನ ಮಾತು ಬರುವವರೆಗೆ ದನಿ ಗಟ್ಟಿಯಾಗಿಯೇ ಇತ್ತು.

"ಎರಡಾದ್ರೆ ಹತ್ತು ವಾಟು ದಾಟಲ್ವಾ? ನೋಡು, ನಿನ್ನದು ಎಷ್ಟಿದೆ!" ಟನೀಲ್ ಗೋಡೆಯತ್ತ ಕೈ ತೋರಿಸಿದಳು.

ಗೋಡೆಯ ಮೇಲೆ ಫೋಟೋ ಇತ್ತು. ಅವನ ಮೀಟರಿನ ಫೋಟೋ: ಒಂಬತ್ತು ಬಿಂದು ಏಳು. ಇಂಟರ್ನೆಟ್ಟಿನಲ್ಲಿ ಇವನಂಥವರದೇ ಒಂದು ಕೂಟವಿದೆ. ಮನೆಯ ಸರ್ವರನ್ನು ಹತ್ತು ವಾಟಿನೊಳಗೆ ಇಳಿಸಿದವರ ಹೆಸರನ್ನು ಅಲ್ಲಿ ಮೇಲಿನ ಸಾಲಿನಲ್ಲಿ ಹಾಕುತ್ತಾರೆ. ಅದಕ್ಕಾಗಿ ಎಲ್ಡನ್ ಮೂರು ವರ್ಷ ಜೀವ ತೇಯ್ದಿದ್ದ. ಬೋರ್ಡಿನ ಮೇಲಿನ ಹಸಿರು ದೀಪವನ್ನೂ ಕಿತ್ತಿದ್ದ. ಏನು ಮಾಡಿದರೂ ಹದಿಮೂರು ಬಿಂದು ಎಂಟರಿಂದ ಕೆಳಗೆ ಇಳಿಯಲಿಲ್ಲ. ಕಳೆದ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಎರಡನೇ ಡಿಸ್ಕಿನ ತಂತಿ ಕಿತ್ತು, ಫೋಟೋ ತೆಗೆದು, ಕೂಟಕ್ಕೆ ಕಳಿಸಿದ. ಫಿನ್ಲೆಂಡಿನಿಂದ ಒಬ್ಬ, ಚಿಲಿಯಿಂದ ಒಬ್ಬ ಶಹಭಾಸ್ ಎಂದರು. ತಂತಿಯನ್ನು ಮತ್ತೆ ಸಿಕ್ಕಿಸಲು ಎದ್ದವನು ಮೀಟರು ನೋಡಿದ. ಒಂಬತ್ತು ಬಿಂದು ಏಳು ಎಂದು ಅದು ಎಷ್ಟು ಮುದ್ದಾಗಿ ಕೂತಿತ್ತೆಂದರೆ, ನಾಳೆ ಸಿಕ್ಕಿಸೋಣ ಎಂದುಕೊಂಡ.

ಎರಡನೇ ಡಿಸ್ಕು ಇದ್ದದ್ದೇ ಮೊದಲನೆಯದು ಸತ್ತರೆ ಇರಲಿ ಎಂದು. ಮೊದಲನೆಯದು ಅಕ್ಟೋಬರಿನಲ್ಲಿ ಸತ್ತಿತು. ಬ್ರಿಸ್ಬೇನಿನಲ್ಲಿ ಸತ್ತ ಡಿಸ್ಕು ಬಗೆದು ನೋಡುವವರಿಗೆ ಕಳಿಸಿದ್ದ. ಒಳಗಿನ ತಟ್ಟೆ ಗೀಚಿಹೋಗಿದೆ, ಏನೂ ಸಿಗುವುದಿಲ್ಲ ಎಂದು ಅವರು ಬರೆದ ಕಾಗದ ಈಗ ಚಮಚಗಳ ಡ್ರಾಯರಿನಲ್ಲಿತ್ತು. ಟನೀಲ್ ಕುಳಿತಿದ್ದ ಕುರ್ಚಿಗೂ ಆ ಡ್ರಾಯರಿಗೂ ಒಂದು ಮಾರು ದೂರವಿರಲಿಲ್ಲ. ತಂತಿ ಕಿತ್ತಿದ್ದ ಎರಡನೆಯದರಲ್ಲಿ ಮಾರ್ಚಿನವರೆಗಿನದು ಉಳಿದಿತ್ತು. ಮಾರ್ಚಿನಿಂದ ಆಗಸ್ಟಿನವರೆಗಿನ ಗುರುವಾರಗಳು ಉಳಿದಿರಲಿಲ್ಲ. ಆಗಸ್ಟಿನಲ್ಲಿ ಈನಾ ಅತ್ತೆಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು.

ಇಷ್ಟೇ ಆಗಿದ್ದರೆ ಕೆಟ್ಟ ಗಳಿಗೆ ಎನ್ನಬಹುದಿತ್ತು. ಆದರೆ ಪ್ರತಿ ಗುರುವಾರವೂ ಟನೀಲ್ ಅವನನ್ನು ಕೇಳುತ್ತಿದ್ದಳು: ರೆಕಾರ್ಡರಿನಲ್ಲಿ ಇರೋದನ್ನ ಅಳಿಸ್ಲಾ ಮಾಮ? ಅವನು ಹೇಳುತ್ತಿದ್ದ: ಅಳಿಸು, ನನ್ನ ಹತ್ರ ಎರಡೆರಡು ಕಡೆ ಇದೆ. ಏಪ್ರಿಲಿನಲ್ಲೂ ಹೇಳಿದ್ದ. ಜುಲೈಯಲ್ಲೂ ಹೇಳಿದ್ದ. ಅವನೆದುರೇ ಕುಳಿತು ಅವಳು ಅಳಿಸಿದ್ದಳು. ಅದು ನೆನಪಾದಾಗೆಲ್ಲ, ಒಬ್ಬನೇ ಇದ್ದಾಗಲೂ, ಅವನ ಕಿವಿ ಬಿಸಿಯಾಗುತ್ತಿತ್ತು.

"ಎರಡು," ಎಂದು ಅವನು ಪಟ್ಟಿಯಲ್ಲಿ ಬರೆದ. "ಒಂದು ಕೈ ಕೊಟ್ರೆ ಇನ್ನೊಂದು ಇರುತ್ತೆ."

"ನಿನ್ನ ಇಷ್ಟ. ನಂಗೇನು ಗೊತ್ತಾಗುತ್ತೆ." ಟನೀಲ್ ತಾನು ತಂದಿದ್ದ ಪಿಲ್ಹಿಯ, ಅಂದರೆ ದ್ವೀಪದವರು ಮಾಡುವ ಬಾಳೆಕಾಯಿ ಕಡುಬಿನ, ಮೇಲಿನ ಎಲೆ ಬಿಚ್ಚಿ, ಒಂದು ತುಂಡು ಕತ್ತರಿಸಿ ಅವನತ್ತ ತಳ್ಳಿದಳು. "ತಿನ್ನು. ಆಮೇಲೆ ಇನ್ನೊಂದು ಕೆಲಸ ಇದೆ. ಶನಿವಾರ ಅತ್ತೆಗೆ ತೊಂಬತ್ತು ತುಂಬುತ್ತಲ್ಲ, ಊಟಕ್ಕೆ ಎಲ್ಲರೂ ಬರ್ತಾರೆ. ಮೇ ತಿಂಗಳದ್ದೊಂದನ್ನ ಪೆನ್‌ಡ್ರೈವಿಗೆ ಹಾಕ್ಕೊಡು. ಅದೇ, ಸ್ಟೂಲಿನ ಕಥೆ. ತೊಂಬತ್ತಾದ ದಿನ ಎಲ್ಲರ ಮುಂದೆ ಹಾಕು, ತೊಂಬತ್ತರ ಮುದುಕೀನ ಯಾರೂ ಹೊಡೆಯೋ ಹಾಗಿಲ್ಲ ಅಂತ ಅತ್ತೆನೇ ಮಾತು ತಗೊಂಡಿದ್ರು. ನೀನು ಕೇಳಿದ್ಯಲ್ಲ?"

"ಕೇಳಿದೀನಿ ಕೇಳಿದೀನಿ," ಎಂದ ಎಲ್ಡನ್. ಕೇಳಿರಲಿಲ್ಲ. ಮೇ ತಿಂಗಳದ್ದನ್ನಷ್ಟೇ ಅಲ್ಲ, ಒಂದನ್ನೂ ಕೇಳಿರಲಿಲ್ಲ. ನಲವತ್ತೊಂದು ನಿಮಿಷ ಎಂದು ನೋಡಿದ್ದ, ಎಷ್ಟು ಜಾಗ ಹಿಡಿಯಿತು ಎಂದು ನೋಡಿದ್ದ, ಮೀಟರು ನೋಡಿದ್ದ.

"ಹಡಗಿಂದ ಚರ್ಚಿನ ಆರ್ಗನ್ನು ದೋಣೀಲಿ ಇಳಿಸ್ಕೊಂಡು ಬರ್ತಾರೆ," ಎಂದಳು ಟನೀಲ್, ಈಗಾಗಲೇ ಅತ್ತೆಯ ಮುಖವನ್ನು ತನ್ನ ಮುಖಕ್ಕೆ ತಂದುಕೊಂಡು. "ಅತ್ತೆಗೆ ಒಂಬತ್ತು ವರ್ಷ. ಆರ್ಗನ್ನಿನ ಸ್ಟೂಲು ಹಿಡ್ಕೊಂಡು ಕೂತ್ಕೋ, ಅಷ್ಟೇ ನಿನ್ನ ಕೆಲಸ ಅಂತಾರೆ. ಅಲೆ ಬಂದು ಸ್ಟೂಲು ಕಿತ್ಕೊಂಡು ಹೋಯ್ತು ಅಂತ ಎಂಬತ್ತು ವರ್ಷದಿಂದ ಊರೆಲ್ಲ ನಂಬಿದೆಯಲ್ಲ. ಅಲೆನೇ ಇರ್ಲಿಲ್ವಂತೆ! ಡಾಲ್ಫಿನ್ನು ನೋಡೋಕೆ ಕೈ ಬಿಟ್ರಂತೆ!"

ಎಲ್ಡನ್ ಗಹಗಹಿಸಿ ನಕ್ಕ. ಮೇಜು ತಟ್ಟಿ ನಕ್ಕ. "ಹೌದೌದು, ಆಮೇಲೆ ಕೊನೇಲಿ ಅತ್ತೆ ನಗ್ತಾರಲ್ಲ, ಅದೇ ಚೆನ್ನಾಗಿರೋದು!"

ಟನೀಲಳ ಮುಖದಲ್ಲಿದ್ದ ನಗು ನಿಧಾನವಾಗಿ ಇಳಿಯಿತು. "ಕೊನೇಲಿ ಅತ್ತೆ ಅತ್ಬಿಟ್ರು ಮಾಮ," ಎಂದಳು. "ದೋಣೀಲಿದ್ದ ಅವರಪ್ಪ ಬೈಸ್ಕೊಂಡ್ರಂತೆ, ಇವರ ಬದಲಿಗೆ. ಹತ್ತು ನಿಮಿಷ ಅತ್ತಿದ್ದಾರೆ. ಅದನ್ನ ಯಾರಾದ್ರೂ ಮರೀತಾರಾ?"

ಎಲ್ಡನ್ನನ ಕೈ ಮೇಜಿನ ಮೇಲೆ ತಟ್ಟಿದ ಜಾಗದಲ್ಲೇ ಉಳಿಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅದು ಬಿಡಲಿಲ್ಲ. ಅವನು ಎದ್ದು, ಚಮಚಗಳ ಡ್ರಾಯರು ಎಳೆದು, ಬ್ರಿಸ್ಬೇನಿನ ಕಾಗದ ತೆಗೆದು, ಪಿಲ್ಹಿಯ ತಟ್ಟೆಯ ಪಕ್ಕದಲ್ಲಿಟ್ಟ. ಟನೀಲ್ ಓದುವವರೆಗೆ ನಿಂತೇ ಇದ್ದ. ಅವಳು ಒಮ್ಮೆ ಓದಿದಳು, ತಾರೀಖು ನೋಡಿ ಮತ್ತೊಮ್ಮೆ ಓದಿದಳು.

"ಎರಡೆರಡು ಕಡೆ ಇದೆ ಅಂದಿದ್ದೆಯಲ್ಲ?"

"ಇನ್ನೊಂದು ಡಿಸ್ಕಲ್ಲಿ ಮಾರ್ಚ್‌ವರೆಗೂ ಇದೆ. ಆಮೇಲೆ ನಾನೇ ತಂತಿ ಕಿತ್ತಿದ್ದೆ." ಗೋಡೆಯ ಫೋಟೋದತ್ತ ನೋಡಲು ಅವನಿಗೆ ಧೈರ್ಯವಾಗಲಿಲ್ಲ, ಆದರೆ ಟನೀಲ್ ನೋಡಿದಳು. ಅವಳು ದಡ್ಡಿಯಲ್ಲ.

"ನಾನು ಅಳಿಸ್ಲಾ ಅಂತ ಕೇಳಿದ್ದೆ."

"ಕೇಳಿದ್ದೆ."

"ಪ್ರತಿ ವಾರ ಕೇಳಿದ್ದೆ ಮಾಮ."

"ಹೌದಮ್ಮ."

"ಎಷ್ಟು ಉಳೀತು?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಕೇಳಿದ್ದು ಕರೆಂಟಿನ ಲೆಕ್ಕ ಎಂದು ಆಮೇಲೆ ಹೊಳೆಯಿತು. "ನಾಲ್ಕು," ಎಂದ. "ನಾಲ್ಕು ವಾಟು."

ಟನೀಲ್ ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಪಿಲ್ಹಿಯ ಮೇಲೆ ಮತ್ತೆ ಎಲೆ ಮುಚ್ಚಿದಳು. ಬಾಗಿಲಲ್ಲಿ ನಿಂತು, ತಿರುಗದೆಯೇ ಹೇಳಿದಳು: "ಶನಿವಾರಕ್ಕೆ ಮುಂಚೆ ನೀನೇ ಹೋಗಿ ಅತ್ತೆಗೆ ಹೇಳು. ನಾನು ಹೇಳಲ್ಲ. ಅವರಿಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ."

ಆ ಮಧ್ಯಾಹ್ನವೇ ಹೊರಟ. ನಾಳೆ ಎಂದರೆ ಏನಾಗುತ್ತದೆಂದು ಅವನಿಗೆ ಗೊತ್ತಾಗಿತ್ತು. ಈ ದ್ವೀಪದಲ್ಲಿ ಎದುರು ಬಂದ ಗಾಡಿಗೆ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳನ್ನಾದರೂ ಎತ್ತಿ ವಂದಿಸದೆ ಯಾರೂ ಮುಂದೆ ಹೋಗುವುದಿಲ್ಲ. ಜಗಳವಾಡಿದವರೂ ಎತ್ತುತ್ತಾರೆ. ಪ್ರವಾಸಿಗರಿಗೂ ಎತ್ತುತ್ತಾರೆ. ಅಂದು ಎಲ್ಡನ್ನನಿಗೆ ಐದು ಗಾಡಿ ಎದುರಾದವು. ಐದಕ್ಕೂ ಅವನು ಎರಡು ಕೈಯಲ್ಲಿ ಸ್ಟಿಯರಿಂಗು ಬಿಗಿಯಾಗಿ ಹಿಡಿದು, ರಸ್ತೆಯ ಮೇಲೆ ಮಲಗಿದ ಹಸುಗಳನ್ನೇ ನೋಡುತ್ತ ಹೋದ. ಆ ಜನರ ಕಡೆ ಬೆರಳೆತ್ತುವ ಯೋಗ್ಯತೆ ತನಗಿಲ್ಲ ಎನಿಸಿತ್ತು. ವಾಟುವಿಗೆ ಏನೋ ಆಗಿದೆ ಎಂದು ಸಂಜೆಯೊಳಗೆ ಊರು ಮಾತಾಡಿಕೊಂಡಿರಬೇಕು.

ಈನಾ ಅತ್ತೆಯ ಹಜಾರದಲ್ಲಿ ಹಗಲಿನಲ್ಲೂ ಪುಟ್ಟ ದೀಪ ಉರಿಯುತ್ತಿತ್ತು. ನಾಲ್ಕು ವಾಟಿನದು, ಅವನೇ ತಂದು ಹಾಕಿದ್ದು. ಅಭ್ಯಾಸಬಲದಿಂದ ಸ್ವಿಚ್ಚಿನತ್ತ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಅಂದಿನ ಸರದಿಯಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅತ್ತೆ ರಸ್ತೆಯ ಕಡೆಯ ಕಿಟಕಿಯಲ್ಲಿ ಕುಳಿತಿದ್ದರು. ಬಲಗೈ ಮಡಿಲಲ್ಲಿ ಬಿದ್ದಿತ್ತು, ಎಡಗೈ ಕುರ್ಚಿಯ ತೋಳಿನ ಮೇಲಿತ್ತು. ಬಾಯಿ ಒಂದು ಕಡೆಗೆ ಎಳೆದಿದ್ದರೂ ಕಣ್ಣು ಹಳೆಯ ಕಣ್ಣೇ.

ಎಲ್ಡನ್ ಎದುರಿಗೆ ಕುಳಿತು ಹೇಳಿದ. ಡಿಸ್ಕು, ತಂತಿ ಎಂದರೆ ಅತ್ತೆಗೆ ತಿಳಿಯುವುದಿಲ್ಲವೆಂದು ಮೊದಲು ಸುತ್ತಿಬಳಸಿದ. ತಾನು ನುಣುಚಿಕೊಳ್ಳುತ್ತಿದ್ದೇನೆ ಎಂದು ತಿಳಿಯಿತು. ಆಮೇಲೆ ನೇರವಾಗಿ ಹೇಳಿದ.

"ನಿಮ್ಮ ಮಾತು ಜೋಪಾನ ಮಾಡೋದಕ್ಕೆ ನನ್ನ ಕೈಗೆ ಕೊಟ್ಟಿದ್ರು ಅತ್ತೆ. ನಾನು ಬೇರೆ ಏನೋ ನೋಡ್ತಾ ಕೈ ಬಿಟ್ಟೆ. ಕೇಳೂ ಇರ್ಲಿಲ್ಲ. ಒಂದು ದಿನ ಕೂತು ಕೇಳಿದ್ರೆ ಇವತ್ತು ನನ್ನ ಬಾಯಲ್ಲಾದ್ರೂ ಒಂದಿಷ್ಟು ಇರ್ತಿತ್ತು."

ಅತ್ತೆ ಅವನನ್ನು ನೋಡುತ್ತ ಕುಳಿತರು. ಹೊರಗೆ ಗಾಡಿಯೊಂದು ಹೋಯಿತು. ಅತ್ತೆ ಅತ್ತ ತಿರುಗಲಿಲ್ಲ. ಬಾಯಿಯ ಸರಿಯಿದ್ದ ಮಗ್ಗುಲು ಒಮ್ಮೆ ಅಲುಗಿತು, ದನಿ ಹೊರಡಲಿಲ್ಲ. ಆಮೇಲೆ ಕುರ್ಚಿಯ ತೋಳಿನ ಮೇಲಿದ್ದ ಎಡಗೈಯ ತೋರುಬೆರಳು, ಎದುರು ಬಂದ ಗಾಡಿಗೆ ಎತ್ತುವ ಹಾಗೆ, ಮೆಲ್ಲಗೆ ಮೇಲೆದ್ದಿತು.

ಎಲ್ಡನ್ ತೊಡೆಯ ಮೇಲಿದ್ದ ತನ್ನ ಕೈಯನ್ನು ನೋಡಿಕೊಂಡ. ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿದ. ಅತ್ತೆಯ ಬೆರಳು ಇನ್ನೂ ಕೆಳಗಿಳಿದಿರಲಿಲ್ಲ.